ಅಪ್ಪನ ಫೋನಿಗೆ ಬಂದ ಪಾಠ

ಸಾಮಾಜಿಕ ಜಾಲತಾಣಗಳನ್ನು ಪಾಠಕ್ಕೆ ಬಳಸುವುದೆಂದರೆ, ಕರ್ನಾಟಕದ ಸರ್ಕಾರಿ ಶಾಲೆಗಳ ಮಟ್ಟಿಗೆ, ಬಹುಪಾಲು ವಾಟ್ಸ್‌ಆ್ಯಪ್ ಮತ್ತು ಯೂಟ್ಯೂಬ್ ಎಂದೇ ಅರ್ಥ. ಫೇಸ್‌ಬುಕ್ಕು, ಇನ್‌ಸ್ಟಾಗ್ರಾಂ ಮಕ್ಕಳ ಬಿಡುವಿನ ಹೊತ್ತನ್ನು ಹಿಡಿದುಕೊಂಡಿವೆಯೇ ಹೊರತು ತರಗತಿಯೊಳಗೆ ಅಷ್ಟಾಗಿ ಬಂದಿಲ್ಲ. ತರಗತಿಗೊಂದು ಗ್ರೂಪ್, ಅದಕ್ಕೆ ಮೇಷ್ಟ್ರೇ ಅಡ್ಮಿನ್. ಆದರೆ ಆ ಗ್ರೂಪಿನಲ್ಲಿ ಹೆಚ್ಚಾಗಿ ಇರುವುದು ಮಕ್ಕಳ ನಂಬರಲ್ಲ, ಅಪ್ಪ ಅಮ್ಮಂದಿರ ನಂಬರು. ಮುಂದಿನ ಎಲ್ಲ ಅನುಕೂಲ, ತೊಡಕುಗಳು ಈ ಒಂದು ಸಂಗತಿಯಿಂದಲೇ ಹುಟ್ಟುತ್ತವೆ.

ಜಾಲದ ಬಳಕೆ ಮೊದಲು ಶುರುವಾದದ್ದು ಮಕ್ಕಳಲ್ಲಲ್ಲ, ಶಿಕ್ಷಕರಲ್ಲಿ. 2011ರಲ್ಲಿ ರಾಜ್ಯದ ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರಿಗಾಗಿ ‘ವಿಷಯ ಶಿಕ್ಷಕರ ವೇದಿಕೆ’ ಆರಂಭವಾಯಿತು. ಶಿಕ್ಷಣ ಇಲಾಖೆಯ ಜೊತೆ ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸಂಸ್ಥೆ ಇದರಲ್ಲಿ ಕೈಜೋಡಿಸಿತ್ತು. ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಶಿಕ್ಷಕರು ಇ-ಮೇಲ್ ಗುಂಪುಗಳಲ್ಲಿ ಸೇರಿ ಪ್ರಶ್ನೆಪತ್ರಿಕೆ, ಪಾಠಯೋಜನೆ, ಬಿಡಿಸಲಾಗದ ಲೆಕ್ಕ ಎಲ್ಲವನ್ನೂ ಹಂಚಿಕೊಳ್ಳತೊಡಗಿದರು. ಊರಿಗೊಬ್ಬರೇ ಗಣಿತ ಶಿಕ್ಷಕರಿರುವಲ್ಲಿ ಒಂದು ಪ್ರಮೇಯದ ಬಗ್ಗೆ ಅನುಮಾನ ಬಂದರೆ ಕೇಳಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ಆ ಒಂಟಿತನವನ್ನು ಈ ವೇದಿಕೆ ನೀಗಿಸಿತು. ಶಿಕ್ಷಕರು ಕೂಡಿ ಬರೆದ ಸಾಮಗ್ರಿಯನ್ನು ಯಾರು ಬೇಕಾದರೂ ಬಳಸುವಂತೆ, ತಿದ್ದುವಂತೆ ಇಡುವ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ’ ತಾಣವೂ ಇದರಿಂದಲೇ ಬೆಳೆಯಿತು. ಕನ್ನಡದಲ್ಲಿ ಶಾಲಾ ಪಾಠಕ್ಕಾಗಿ ನಡೆದ ಜಾಲ ಪ್ರಯತ್ನಗಳಲ್ಲಿ ಇದಕ್ಕೆ ಸಿಗಬೇಕಾದಷ್ಟು ಮನ್ನಣೆ ಇನ್ನೂ ಸಿಕ್ಕಿಲ್ಲ.

ಮಕ್ಕಳ ತನಕ ಜಾಲ ತಲುಪಿದ್ದು 2020ರಲ್ಲಿ. ಕೊರೊನಾದಿಂದ ಶಾಲೆಗಳು ಮುಚ್ಚಿದಾಗ ಇಲಾಖೆ ಯೂಟ್ಯೂಬಿನಲ್ಲಿ ‘ಮಕ್ಕಳ ವಾಣಿ’ ಆರಂಭಿಸಿತು. ಚಂದನ ವಾಹಿನಿಯಲ್ಲಿ ಪಾಠಗಳು ಬಂದವು. ಆ ವರ್ಷದ ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಬಂತು. ಅದು ಮೊದಲು ಮಾಡಿದ ಕೆಲಸ ಮಕ್ಕಳನ್ನು ಮೂರು ಗುಂಪಾಗಿ ಗುರುತಿಸಿದ್ದು: ಯಾವ ಫೋನೂ ಇಲ್ಲದ ಮನೆಯವರು, ಇಂಟರ್‌ನೆಟ್ ಇಲ್ಲದ ಸಾದಾ ಫೋನಿನವರು, ಇಂಟರ್‌ನೆಟ್ ಇರುವ ಸ್ಮಾರ್ಟ್‌ಫೋನಿನವರು. ಮೂರನೆಯವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಅಭ್ಯಾಸ ಹಾಳೆ ಹೋಗುತ್ತಿತ್ತು. ಮಿಕ್ಕವರಿಗಾಗಿ ಶಿಕ್ಷಕರೇ ಊರಿಗೆ ಹೋಗಿ ದೇವಸ್ಥಾನದ ಅಂಗಳ, ಸಮುದಾಯ ಭವನ, ಮರದ ನೆರಳಲ್ಲಿ ಕೂರಿಸಿಕೊಂಡು ಪಾಠ ಮಾಡಿದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ನಿಂತ ಯೋಜನೆ 2021ರ ಜನವರಿಯಲ್ಲಿ ಮತ್ತೆ ಶುರುವಾಯಿತು. ಫೋನನ್ನು ಎಲ್ಲರಿಗೂ ಇದ್ದೇ ಇರುತ್ತದೆಂದು ಭಾವಿಸದೆ, ಯಾರ ಮನೆಯಲ್ಲಿ ಏನಿದೆ ಎಂದು ಕೇಳಿಯೇ ಹೊರಟದ್ದು ವಿದ್ಯಾಗಮದ ದೊಡ್ಡ ಗುಣ.

ಈಗ ಫೋನಿನ ಕೊರತೆ ಬಹಳ ತಗ್ಗಿದೆ. ದೇಶದ ಗ್ರಾಮೀಣ ಮಕ್ಕಳ ಬಗೆಗಿನ 2024ರ ‘ಅಸರ್’ ವರದಿಯ ಪ್ರಕಾರ 14ರಿಂದ 16 ವರ್ಷದವರಲ್ಲಿ ಸುಮಾರು ಶೇ 90ರಷ್ಟು ಮಕ್ಕಳ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆ. ಅದನ್ನು ಬಳಸಲು ಬಲ್ಲವರಲ್ಲಿ ಹಿಂದಿನ ಒಂದು ವಾರದಲ್ಲಿ ಓದಿಗೆ ಸಂಬಂಧಿಸಿದ ಕೆಲಸಕ್ಕೆ ಬಳಸಿದವರು ಶೇ 57. ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ 76. ಆದರೆ ಮನೆಯಲ್ಲಿ ಫೋನಿರುವುದು ಬೇರೆ, ಮಗುವಿನ ಕೈಗೆ ಸಿಗುವುದು ಬೇರೆ. ಉದಾಹರಣೆಗೆ, ಚಿತ್ರದುರ್ಗ ಜಿಲ್ಲೆಯ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಹಳ್ಳಿಗಳಲ್ಲಿ ಈರುಳ್ಳಿ ಕೀಳುವ ಕಾಲಕ್ಕೆ ಬೆಳಿಗ್ಗೆಯೇ ಫೋನು ಅಪ್ಪನ ಅಂಗಿ ಜೇಬಿನಲ್ಲಿ ಹೊಲಕ್ಕೆ ಹೋಗುತ್ತದೆ. ದುಡಿಯಲು ಬೆಂಗಳೂರಿಗೆ ಹೋದವರ ಮನೆಯಲ್ಲಿ ಅಜ್ಜಿಯ ಬಳಿ ಉಳಿಯುವುದು ಗುಂಡಿ ಒತ್ತುವ ಫೋನು. ಮಧ್ಯಾಹ್ನ ಎರಡಕ್ಕೆ ಕಳಿಸಿದ ಪಾಠವನ್ನು ಮಗು ನೋಡುವುದು ರಾತ್ರಿ ಎಂಟಕ್ಕೆ, ಅದೂ ಅಣ್ಣನದೋ ಅಕ್ಕನದೋ ಸರದಿ ಮುಗಿದ ಮೇಲೆ. ‘ಇಂದೇ ಉತ್ತರ ಕಳಿಸಿ’ ಎಂಬ ಸಂದೇಶ ಇಂಥ ಮನೆಗೆ ಅನ್ಯಾಯ. ಎರಡು ದಿನದ ಗಡುವು ಕೊಡಬೇಕು. ಅದೇ ಪ್ರಶ್ನೆಯನ್ನು ಕಪ್ಪುಹಲಗೆಯ ಮೇಲೂ ಬರೆದಿರಬೇಕು.

ಗ್ರೂಪುಗಳಲ್ಲಿ ಸಾಮಾನ್ಯವಾಗಿ ಹರಿಯುವುದು ಪಿಡಿಎಫ್, ನೋಟ್ಸ್, ಯೂಟ್ಯೂಬ್ ಲಿಂಕ್, ಸುತ್ತೋಲೆ. ಇದು ಟಪಾಲು ಕೆಲಸ, ಪಾಠವಲ್ಲ. ಮೇಲಿನಿಂದ ಕೆಳಕ್ಕೆ ಸಾಮಗ್ರಿ ಇಳಿಯುವುದರ ಬದಲು, ಮಗು ತನ್ನ ಊರಿನಲ್ಲಿ ಕಂಡದ್ದು, ಕೇಳಿದ್ದು ಗ್ರೂಪಿನ ಮೂಲಕ ತರಗತಿಗೆ ಬಂದಾಗ ಮಾತ್ರ ಜಾಲ ಕಲಿಕೆಯ ಸಾಧನವಾಗುತ್ತದೆ.

ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರವನ್ನೇ ತೆಗೆದುಕೊಳ್ಳಬಹುದು. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಪೂರ್ಣಗೊಂಡ ಈ ಜಲಾಶಯದ ಪೂರ್ಣ ಮಟ್ಟ 130 ಅಡಿ. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 89 ವರ್ಷದ ನಂತರ, 2022ರ ಸೆಪ್ಟೆಂಬರ್‌ನಲ್ಲಿ. ಆಮೇಲೆ 2025ರ ಜನವರಿಯಲ್ಲಿ. ಎಂಟನೇ ತರಗತಿಯ ಮಕ್ಕಳಿಗೆ ‘ಕೆರೆಯ ಮಟ್ಟ’ ಎಂಬ ಒಂದು ತಿಂಗಳ ಕೆಲಸ ಕೊಟ್ಟರೆ, ಪತ್ರಿಕೆಯಲ್ಲಿ ಬರುವ ನೀರಿನ ಮಟ್ಟವನ್ನು ದಿನಕ್ಕೊಬ್ಬರಂತೆ ಗ್ರೂಪಿಗೆ ಹಾಕುತ್ತಾರೆ. ಅದರಿಂದ ಗಣಿತದ ಅವಧಿಯಲ್ಲಿ ನಕ್ಷೆ ಆಗುತ್ತದೆ. ಇಷ್ಟು ವರ್ಷ ಕೋಡಿ ಬೀಳದ್ದು ಈಚೆಗೆ ಬೇಗಬೇಗ ಬಿತ್ತೇಕೆ ಎಂದು ಕೇಳಿದರೆ ಮಳೆಯ ಜೊತೆಗೆ ಭದ್ರಾ ಮೇಲ್ದಂಡೆ ಯೋಜನೆಯಿಂದ ಇಲ್ಲಿಗೆ ಬರುವ ನೀರಿನ ಮಾತೂ ಬಂದು ಸಮಾಜ ವಿಜ್ಞಾನ ತೆರೆದುಕೊಳ್ಳುತ್ತದೆ. ಜಲಾಶಯದ ನೀರು ತೀರಾ ಇಳಿದಿದ್ದ ವರ್ಷಗಳ ಬಗ್ಗೆ ಅಜ್ಜ ಹೇಳುವುದನ್ನು ಒಂದು ನಿಮಿಷದ ಧ್ವನಿ ಸಂದೇಶವಾಗಿ ಕಳಿಸಿದರೆ ಅದು ಕನ್ನಡ ಪಾಠ. ಪಠ್ಯಪುಸ್ತಕಕ್ಕೆ ಅಷ್ಟಾಗಿ ಏರದ ದುರ್ಗದ ಸೀಮೆಯ ಮಾತು ಅಲ್ಲಿ ಹಾಗೆಯೇ ಉಳಿಯುತ್ತದೆ. ಧ್ವನಿ ಸಂದೇಶಕ್ಕೆ ಡೇಟಾ ಹೆಚ್ಚು ಬೇಡ, ಬರೆಯಲು ಹಿಂಜರಿಯುವ ಮಗುವೂ ಮಾತಾಡುತ್ತದೆ.

ಎರಡನೆಯ ಉಪಯೋಗ, ಬಂದ ಸಂದೇಶವನ್ನು ಪರೀಕ್ಷಿಸಲು ಕಲಿಸುವುದು. ಚಿತ್ರದುರ್ಗದ ತೆಂಕಣಕ್ಕಿರುವ ಜೋಗಿಮಟ್ಟಿ ಬೆಟ್ಟ ಗಾಳಿಗೆ ಹೆಸರಾದದ್ದು. ‘ಏಷ್ಯಾದಲ್ಲೇ ಅತಿ ಹೆಚ್ಚು ಗಾಳಿ ಬೀಸುವ ಎರಡನೇ ಸ್ಥಳ’ ಎಂದು ಅದರ ಫೋಟೊ ಜೊತೆ ಬರೆದ ಸಾಲು ಎಲ್ಲೆಡೆ ಓಡಾಡುತ್ತದೆ. ಕೆಲವು ಕಡೆ ‘ಎರಡನೇ’ ಎಂಬುದೂ ಬಿಟ್ಟುಹೋಗಿರುತ್ತದೆ. ಇದನ್ನೇ ತರಗತಿಯಲ್ಲಿ ಇಟ್ಟು ಕೇಳಬೇಕು: ಅಳೆದವರು ಯಾರು? ಯಾವ ವರ್ಷ? ನೆಲದಿಂದ ಎಷ್ಟು ಎತ್ತರದಲ್ಲಿ? ಒಂದು ದಿನದ ಬಿರುಗಾಳಿಯೋ ವರ್ಷದ ಸರಾಸರಿಯೋ? ಮೊದಲನೇ ಸ್ಥಳ ಯಾವುದು? ಫಾರ್ವರ್ಡಿನಲ್ಲಿ ಇವಕ್ಕೆ ಉತ್ತರ ಇರುವುದಿಲ್ಲ. ಗಾಳಿ ಜೋರಾಗಿರುವುದು ನಿಜ, ಸುತ್ತಲ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳೇ ಸಾಕ್ಷಿ; ಏಷ್ಯಾದ ಮಾತು ಬೇರೆ. ಕಂಡ ಸತ್ಯವನ್ನೂ ಕೇಳಿದ ಮಾತನ್ನೂ ಬೇರ್ಪಡಿಸುವ ಈ ಅಭ್ಯಾಸ ತಮ್ಮೂರಿನ ಹೆಮ್ಮೆಯ ವಿಷಯದಿಂದಲೇ ಶುರುವಾದರೆ ಮಕ್ಕಳ ಮನಸ್ಸಿನಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ.

ಯೂಟ್ಯೂಬ್ ಚೆನ್ನಾಗಿ ನಡೆಯುವುದು ತರಗತಿಯಲ್ಲಿ ಎಲ್ಲರೂ ಒಟ್ಟಿಗೆ ನೋಡಿದಾಗ. ಹೃದಯದ ಕವಾಟ ತೆರೆದು ಮುಚ್ಚುವುದನ್ನು ಚಿತ್ರಪಟಕ್ಕಿಂತ ಎರಡು ನಿಮಿಷದ ವಿಡಿಯೊ ಚೆನ್ನಾಗಿ ತೋರಿಸುತ್ತದೆ. ಶಿಕ್ಷಕರು ಮೊದಲೇ ನೋಡಿ, ಬೇಕಾದಷ್ಟನ್ನೇ ತೋರಿಸಿ, ನಡುವೆ ನಿಲ್ಲಿಸಿ ಪ್ರಶ್ನೆ ಕೇಳಬೇಕು. ಲಿಂಕ್ ಕಳಿಸಿ ಕೈತೊಳೆದುಕೊಂಡರೆ ಮಗು ಆ ವಿಡಿಯೊದಿಂದ ಇನ್ನೊಂದಕ್ಕೆ ಜಾರಿಹೋಗುತ್ತದೆ.

ಅಪಾಯಗಳಲ್ಲಿ ಮೊದಲನೆಯದು ನಂಬರಿನದು. ಸಾಮಾನ್ಯ ಗ್ರೂಪಿನಲ್ಲಿ ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆ. ಹೆಣ್ಣುಮಕ್ಕಳ ಮನೆಯವರಿಗೆ ಇದರಿಂದಲೇ ಕಿರುಕುಳ ಶುರುವಾಗಬಹುದು. ಆದ್ದರಿಂದ ವಾಟ್ಸ್‌ಆ್ಯಪ್‌ನ ‘ಕಮ್ಯುನಿಟಿ’ ಪ್ರಕಟಣೆ ಗ್ರೂಪ್ ಮೇಲು, ಅಲ್ಲಿ ಸದಸ್ಯರ ನಂಬರು ಉಳಿದ ಸದಸ್ಯರಿಗೆ ಕಾಣುವುದಿಲ್ಲ. ಅಂಕಪಟ್ಟಿ, ತಪ್ಪು ಮಾಡಿದ ಮಗುವಿನ ಹೆಸರು, ಶುಲ್ಕ ಬಾಕಿ ಇವನ್ನು ಗ್ರೂಪಿಗೆ ಹಾಕಲೇಬಾರದು. ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂ ಖಾತೆ ತೆರೆಯಲು ಕನಿಷ್ಠ 13 ವರ್ಷವಾಗಿರಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನ ಎಲ್ಲರನ್ನೂ ಮಕ್ಕಳೆಂದು ಪರಿಗಣಿಸಿ ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವರು ಪ್ರಮುಖ ಜಾಲತಾಣಗಳಲ್ಲಿ ಖಾತೆ ಹೊಂದುವುದನ್ನೇ ತಡೆದಿದೆ. ಆದರೆ ವಾಟ್ಸ್‌ಆ್ಯಪ್‌ನಂಥ ಸಂದೇಶ ಸೇವೆಯನ್ನೂ ಗೂಗಲ್ ಕ್ಲಾಸ್‌ರೂಮನ್ನೂ ಆ ತಡೆಯಿಂದ ಹೊರಗಿಟ್ಟಿದೆ.

ಶಿಕ್ಷಕರಿಗೂ ಒಂದು ಹೊತ್ತು ಬೇಕು. ರಾತ್ರಿ ಹನ್ನೊಂದಕ್ಕೆ ಬಂದ ಪ್ರಶ್ನೆಗೆ ಆಗಲೇ ಉತ್ತರಿಸಬೇಕೆಂಬ ನಿರೀಕ್ಷೆ ಸರಿಯಲ್ಲ. ಪೋಷಕರಲ್ಲಿ ಕೇಳಬೇಕಾದದ್ದು ಇಷ್ಟೇ: ಸಂಜೆ ಫೋನು ಮನೆಗೆ ಬಂದ ಮೇಲೆ ಅರ್ಧ ಗಂಟೆ ಅದನ್ನು ಮಗುವಿಗೆ ಬಿಟ್ಟುಕೊಡಿ, ಪಕ್ಕದಲ್ಲೇ ಕೂತು ಮೇಷ್ಟ್ರು ಏನು ಕೇಳಿದ್ದಾರೆಂದು ನೀವೂ ನೋಡಿ.