ಮಜ್ಜಿಗೆ ಹುಲ್ಲಿನ ಟೀ ಕುಡಿದರೆ ಕೀಮೋ ಬೇಡವೇ? ಹಾಸನದ ಚಳಿಗೆ ಈ ಹುಲ್ಲು ಬೆಳೆಯುತ್ತದೆಯೇ?

‘ಲೆಮನ್‌ಗ್ರಾಸ್ ಟೀ ಕುಡಿದರೆ ಕ್ಯಾನ್ಸರ್ ಕೋಶಗಳು ತಾವೇ ಸಾಯುತ್ತವೆ. ಇಸ್ರೇಲ್ ವಿಜ್ಞಾನಿಗಳು ಸಾಬೀತು ಮಾಡಿದ್ದಾರೆ. ಆಸ್ಪತ್ರೆಗಳು ಇದನ್ನು ಮುಚ್ಚಿಡುತ್ತಿವೆ. ಮನೆ ಮುಂದೆ ಒಂದು ಗಿಡ ಇದ್ದರೆ ಸೊಳ್ಳೆಯೂ ಬರಲ್ಲ. ಹತ್ತು ಜನರಿಗೆ ಕಳಿಸಿ, ಒಂದು ಜೀವ ಉಳಿಸಿ.’ ಇಂಥ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು.

ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರಿನಿಂದ ಓದುಗರೊಬ್ಬರು ಇದನ್ನು ನಮಗೆ ಕಳಿಸಿ ಎರಡು ಪ್ರಶ್ನೆ ಕೇಳಿದ್ದಾರೆ. ‘ನಮ್ ಕಡೆ ಚಳಿಗೆ ಈ ಹುಲ್ಲು ಬರುತ್ತಾ? ಅಮ್ಮನಿಗೆ ಕೀಮೋ ನಡೀತಿದೆ, ಇದನ್ನ ಕುಡಿಸಿದ್ರೆ ಕೀಮೋ ಬಿಡಿಸ್ಬೋದಾ?’

ಎರಡನೇ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇವೆ: ಬಿಡಿಸಬೇಡಿ. ಒಂದು ಸರದಿಯನ್ನೂ ತಪ್ಪಿಸಬೇಡಿ. ಮೊದಲನೆಯದಕ್ಕೆ ಉತ್ತರ: ಬರುತ್ತದೆ, ಚೆನ್ನಾಗಿಯೇ ಬರುತ್ತದೆ. ಏಕೆ ಎಂಬುದನ್ನು ಒಂದೊಂದಾಗಿ ನೋಡೋಣ.

ಲೆಮನ್‌ಗ್ರಾಸ್ ಅಂದರೆ ಯಾವುದು?

ನಮ್ಮಲ್ಲಿ ಮಜ್ಜಿಗೆ ಹುಲ್ಲು ಅಥವಾ ನಿಂಬೆ ಹುಲ್ಲು ಎಂದು ಕರೆಯುವ ಗಿಡವೇ ಇದು. ಎಲೆ ಹಿಸುಕಿದರೆ ನಿಂಬೆಯ ವಾಸನೆ ಬರಲು ಕಾರಣ ಅದರೊಳಗಿನ ಸಿಟ್ರಲ್ ಎಂಬ ರಾಸಾಯನಿಕ. ಈ ಹುಲ್ಲಿನಿಂದ ತೆಗೆದ ಎಣ್ಣೆಯಲ್ಲಿ ಬಹುಪಾಲು ಅದೇ ಇರುತ್ತದೆ. ಅಡುಗೆಗೆ ಬಳಸುವುದು ಇದನ್ನು.

ನೋಡಲು ಹೀಗೇ ಇರುವ ಇನ್ನೊಂದು ಹುಲ್ಲು ಸಿಟ್ರೊನೆಲ್ಲಾ. ಅದೂ ಇದೇ ಕುಲದ್ದು, ಆದರೆ ಅದರ ಎಣ್ಣೆ ಹೋಗುವುದು ಸೋಪು, ಸೊಳ್ಳೆ ಕ್ರೀಮುಗಳಿಗೆ. ವಾಸನೆಯೂ ಸೋಪಿನಂತೆಯೇ ಇರುತ್ತದೆ. ಫಾರ್ವರ್ಡ್‌ಗಳು ಇವೆರಡನ್ನೂ ಒಂದೇ ಎನ್ನುವಂತೆ ಬೆರೆಸಿಬಿಡುತ್ತವೆ. ನರ್ಸರಿಯಲ್ಲಿ ಕೊಳ್ಳುವಾಗ ‘ಟೀಗೆ ಹಾಕುವ ಹುಲ್ಲು’ ಎಂದೇ ಕೇಳಿ, ಎಲೆ ಹಿಸುಕಿ ಮೂಸಿ ನೋಡಿ.

ಇಸ್ರೇಲಿನಲ್ಲಿ ನಿಜಕ್ಕೂ ನಡೆದದ್ದೇನು?

ಫಾರ್ವರ್ಡ್ ಪೂರ್ತಿ ಕಟ್ಟುಕಥೆಯಲ್ಲ. ಅದಕ್ಕೇ ಅದು ಅಷ್ಟು ಜನರನ್ನು ನಂಬಿಸುತ್ತದೆ.

ಇಸ್ರೇಲಿನ ಬೆನ್ ಗುರಿಯನ್ ವಿಶ್ವವಿದ್ಯಾಲಯದ ಸಂಶೋಧಕರು 2005ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದ ರಕ್ತ ಕ್ಯಾನ್ಸರ್‌ನ ಕೋಶಗಳಿಗೆ ಸಿಟ್ರಲ್ ಸೇರಿಸಿದಾಗ ಆ ಕೋಶಗಳು ಸತ್ತವು. ತಾವು ಬಳಸಿದ ಸಿಟ್ರಲ್‌ನ ಸಾಂದ್ರತೆಯು ಒಂದು ಗ್ರಾಂ ಹುಲ್ಲಿನಿಂದ ಮಾಡಿದ ಒಂದು ಕಪ್ ಟೀಯಲ್ಲಿ ಇರುವಷ್ಟೇ ಎಂದೂ ಅವರು ಬರೆದಿದ್ದರು. ಸುದ್ದಿ ಹರಡಿ, ಕ್ಯಾನ್ಸರ್ ರೋಗಿಗಳು ಈ ಹುಲ್ಲು ಹುಡುಕಿಕೊಂಡು ಅಲ್ಲಿನ ರೈತರೊಬ್ಬರ ಹೊಲಕ್ಕೆ ಬರತೊಡಗಿದ್ದಾರೆ ಎಂದು 2006ರಲ್ಲಿ ಪತ್ರಿಕೆಗಳು ವರದಿ ಮಾಡಿದವು.

‘ಒಂದು ಕಪ್ ಟೀ’ ಎಂಬ ಆ ಹೋಲಿಕೆಯೇ ಫಾರ್ವರ್ಡ್ ಹುಟ್ಟಿದ ಜಾಗ. ಅಧ್ಯಯನ ನಡೆದದ್ದು ಬಿಡಿ ಕೋಶಗಳ ಮೇಲೆ, ಮನುಷ್ಯರ ಮೇಲೆ ಅಲ್ಲ. ಯಾವ ರೋಗಿಗೂ ಟೀ ಕುಡಿಸಿ ಅವರು ಪರೀಕ್ಷಿಸಿರಲಿಲ್ಲ.

ತಟ್ಟೆಯಲ್ಲಿ ಸತ್ತ ಕೋಶ ದೇಹದಲ್ಲಿ ಏಕೆ ಸಾಯುವುದಿಲ್ಲ?

ಒಂದು ಸಣ್ಣ ಲೆಕ್ಕ ಹಾಕೋಣ. ತಟ್ಟೆಯಲ್ಲಿರುವ ಕೋಶಗಳು ಸಿಟ್ರಲ್ ಬೆರೆತ ದ್ರವದಲ್ಲಿ ಮುಳುಗಿಯೇ ಇರುತ್ತವೆ. ನಾವು ಟೀ ಕುಡಿದಾಗ ಹಾಗಾಗುವುದಿಲ್ಲ. 60 ಕೆ.ಜಿ. ತೂಕದವರ ದೇಹದಲ್ಲಿ ಸುಮಾರು 30 ಲೀಟರ್‌ಗೂ ಹೆಚ್ಚು ನೀರಿದೆ. 200 ಮಿ.ಲೀ. ಟೀಯಲ್ಲಿರುವ ಸಿಟ್ರಲ್ ಅಷ್ಟಕ್ಕೂ ಹಂಚಿಹೋದರೆ ಅದರ ಸಾಂದ್ರತೆ ನೂರೈವತ್ತು ಪಟ್ಟು ಇಳಿಯುತ್ತದೆ. ಅದೂ ಪೂರ್ತಿ ತಲುಪುವುದಿಲ್ಲ. ಕರುಳಿನಿಂದ ಹೀರಿದ್ದು ಮೊದಲು ಯಕೃತ್ತಿಗೆ ಹೋಗುತ್ತದೆ, ಅಲ್ಲಿ ಸಿಟ್ರಲ್ ಬೇಗನೆ ಬೇರೆ ವಸ್ತುಗಳಾಗಿ ಒಡೆದು ಮೂತ್ರದಲ್ಲಿ ಹೊರಹೋಗುತ್ತದೆ.

‘ಹಾಗಾದರೆ ನೂರೈವತ್ತು ಕಪ್ ಕುಡಿದರೆ?’ ಎಂದು ಕೇಳಬಹುದು. ಅಷ್ಟು ನೀರೇ ಪ್ರಾಣಕ್ಕೆ ಅಪಾಯ. ಇನ್ನೂ ಒಂದು ಮಾತು: ತಟ್ಟೆಯಲ್ಲಿ ಕ್ಯಾನ್ಸರ್ ಕೋಶ ಕೊಲ್ಲುವುದು ದೊಡ್ಡ ಸಂಗತಿಯಲ್ಲ. ಬ್ಲೀಚಿಂಗ್ ಪೌಡರ್ ಹಾಕಿದರೂ ಸಾಯುತ್ತವೆ, ಉಪ್ಪು ಜಾಸ್ತಿಯಾದರೂ ಸಾಯುತ್ತವೆ. ಒಳ್ಳೆಯ ಕೋಶಗಳನ್ನು ಉಳಿಸಿ, ದೇಹದೊಳಗಿನ ಗಡ್ಡೆಯನ್ನಷ್ಟೇ ತಲುಪಿ, ಅದನ್ನು ಕುಗ್ಗಿಸುವುದೇ ಕಷ್ಟ. ಔಷಧವೊಂದು ಆ ಹಂತಗಳನ್ನೆಲ್ಲ ದಾಟಿ, ರೋಗಿಗಳ ಮೇಲಿನ ಪರೀಕ್ಷೆಯಲ್ಲಿ ಗೆದ್ದ ಮೇಲೆಯೇ ಆಸ್ಪತ್ರೆಗೆ ಬರುತ್ತದೆ. ಮಜ್ಜಿಗೆ ಹುಲ್ಲು ಆ ಹಂತಕ್ಕೆ ಬಂದಿಲ್ಲ.

ಕೀಮೋ ಜೊತೆಗೆ ಕುಡಿಯಬಹುದೇ?

ಬಾಗೂರಿನಂಥ ಊರಿನಿಂದ ಬೆಂಗಳೂರಿನ ಕಿದ್ವಾಯಿಗೆ ಹೋಗಿ ಬರುವುದು ಎಷ್ಟು ಕಷ್ಟ ಎಂಬುದು ಹೋದವರಿಗೇ ಗೊತ್ತು. ಬಸ್ಸು, ಸರದಿ, ವಾಂತಿ, ಉದುರುವ ಕೂದಲು. ಹಿತ್ತಲಲ್ಲೇ ಔಷಧಿ ಇದೆ ಎಂದು ಯಾರಾದರೂ ಹೇಳಿದರೆ ನಂಬಲು ಮನಸ್ಸಾಗುವುದು ಸಹಜ, ಅದು ದಡ್ಡತನವಲ್ಲ. ಆದರೆ ಕೀಮೋವನ್ನು ಸರದಿ ಲೆಕ್ಕದಲ್ಲಿ ಕೊಡಲು ಕಾರಣವಿದೆ. ಒಂದು ಸಲಕ್ಕೆ ಒಂದಷ್ಟು ಕೋಶ ಸಾಯುತ್ತವೆ, ಉಳಿದವು ಮತ್ತೆ ಬೆಳೆಯುವ ಮೊದಲೇ ಮುಂದಿನ ಡೋಸ್ ಬೀಳಬೇಕು. ಮಧ್ಯೆ ಬಿಟ್ಟರೆ ಉಳಿದ ಕೋಶಗಳಿಗೆ ಸಮಯ ಸಿಗುತ್ತದೆ.

ರುಚಿಗೆಂದು ತೆಳುವಾದ ಒಂದು ಕಪ್ ಟೀ ಕುಡಿಯುವ ಆಸೆಯಿದ್ದರೆ ಚಿಕಿತ್ಸೆ ಕೊಡುತ್ತಿರುವ ವೈದ್ಯರನ್ನೇ ಕೇಳಿ. ಬೈಯುತ್ತಾರೆಂದು ಮುಚ್ಚಿಡಬೇಡಿ. ಫಾರ್ವರ್ಡ್‌ಗಳಲ್ಲಿ ಹೇಳುವಂತೆ ಹಸಿ ಎಲೆ ಅರೆದು ರಸ ಕುಡಿಸುವುದಂತೂ ಬೇಡ. ಕೀಮೋದಲ್ಲಿ ಬಿಳಿ ರಕ್ತಕಣಗಳು ಇಳಿದಿರುತ್ತವೆ, ಸರಿಯಾಗಿ ತೊಳೆಯದ ಎಲೆಯ ರೋಗಾಣುಗಳೇ ಜ್ವರ ತರಬಲ್ಲವು.

ಗಿಡ ನೆಟ್ಟರೆ ಸೊಳ್ಳೆ ಓಡುತ್ತದೆಯೇ?

ಇಲ್ಲ. ಸಿಟ್ರೊನೆಲ್ಲಾ ಎಣ್ಣೆ ಚರ್ಮಕ್ಕೆ ಹಚ್ಚಿದರೆ ಸ್ವಲ್ಪ ಹೊತ್ತು ಸೊಳ್ಳೆ ದೂರ ಇರುತ್ತದೆ, ಎಣ್ಣೆ ಆರಿದ ಮೇಲೆ ಮತ್ತೆ ಬರುತ್ತದೆ. ಸುಮ್ಮನೆ ನಿಂತಿರುವ ಗಿಡದ ಎಣ್ಣೆ ಎಲೆಯೊಳಗೇ ಇರುತ್ತದೆ. ಹಿಸುಕಿದಾಗಷ್ಟೇ ವಾಸನೆ ಬರುವುದು ಅದಕ್ಕೇ.

ರಾಜ್ಯ ಸರ್ಕಾರ 2024ರ ಸೆಪ್ಟೆಂಬರ್‌ನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಕಚ್ಚುವುದು ಹಗಲಿನಲ್ಲಿ, ಮೊಟ್ಟೆಯಿಡುವುದು ಡ್ರಮ್ಮು, ಸಿಮೆಂಟ್ ತೊಟ್ಟಿ, ಒಡೆದ ತೆಂಗಿನ ಚಿಪ್ಪಿನಲ್ಲಿ ನಿಂತ ನೀರಿನಲ್ಲಿ. ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕು. ಆದ್ದರಿಂದ ವಾರಕ್ಕೊಮ್ಮೆ ತೊಟ್ಟಿ ಖಾಲಿ ಮಾಡಿ, ಉಜ್ಜಿ ತೊಳೆದು, ಮುಚ್ಚಿಡಿ. ಹುಲ್ಲಿನ ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಂತರೆ ಆ ಕುಂಡವೇ ಸೊಳ್ಳೆ ಸಾಕುತ್ತದೆ!

ಹಾಸನದ ಚಳಿಗೆ ಹೇಗೆ ಬೆಳೆಸುವುದು?

ಇದು ಬಿಸಿಲು ಬಯಸುವ ಹುಲ್ಲು. ನಿಜವಾದ ಶತ್ರು ಚಳಿಯಲ್ಲ, ಇಬ್ಬನಿ ಹೆಪ್ಪುಗಟ್ಟುವ ಹಿಮ. ಊಟಿಯಲ್ಲಿ ಬೀಳುವಂಥ ಹಿಮಕ್ಕೆ ಎಲೆ ಸುಟ್ಟಂತಾಗುತ್ತದೆ, ಬುಡವೂ ಸಾಯಬಹುದು. ಹಾಸನ ನಗರ ಸಮುದ್ರಮಟ್ಟದಿಂದ 900 ಮೀಟರ್‌ಗೂ ಎತ್ತರದಲ್ಲಿದ್ದರೂ, ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ಕಡೆಗಳಲ್ಲಿ ಡಿಸೆಂಬರ್–ಜನವರಿಯಲ್ಲಿ ಎಷ್ಟೇ ಚಳಿಯಾದರೂ ಅಂಥ ಹಿಮ ಬೀಳುವುದಿಲ್ಲ. ಗಿಡ ಬೆಳೆಯುವುದು ನಿಧಾನವಾಗುತ್ತದೆ, ಎಲೆ ತುದಿ ಕಂದಾಗುತ್ತದೆ, ಅಷ್ಟೆ. ಸತ್ತಿತೆಂದು ಕಿತ್ತು ಎಸೆಯಬೇಡಿ, ಬೇಸಿಗೆ ಮಳೆ ಬಿದ್ದೊಡನೆ ಮತ್ತೆ ಚಿಗುರುತ್ತದೆ.

- ನೆಡುವುದು: ಮುಂಗಾರು ಶುರುವಾದಾಗ. ಇದನ್ನು ಸಾಮಾನ್ಯವಾಗಿ ಬೀಜದಿಂದ ಬೆಳೆಸುವುದಿಲ್ಲ. ಹಳೆಯ ಬುಡದಿಂದ ಬೇರು ಸಮೇತ ಎರಡು–ಮೂರು ಕಡ್ಡಿ ಬಿಡಿಸಿ, ಮೇಲಿನ ಎಲೆ ಕತ್ತರಿಸಿ ನೆಡಿ.
- ಜಾಗ: ದಿನವಿಡೀ ಬಿಸಿಲು ಬೀಳುವ ಕಡೆ. ತೆಂಗಿನ ಮರದ ದಟ್ಟ ನೆರಳಿನಲ್ಲಿ ಸೊರಗುತ್ತದೆ. ಗಿಡದಿಂದ ಗಿಡಕ್ಕೆ ಎರಡು ಅಡಿ ಬಿಡಿ.
- ನೀರು: ಕೆಮ್ಮಣ್ಣು ಆಗುತ್ತದೆ, ನೀರು ನಿಲ್ಲುವ ಜಾಗ ಆಗದು. ಚಳಿಗಾಲದಲ್ಲಿ ಮಣ್ಣು ಒಣಗಿದ ಮೇಲಷ್ಟೇ ಹಾಕಿ. ತಣ್ಣನೆಯ ಒದ್ದೆ ಮಣ್ಣಿನಲ್ಲಿ ಬೇರು ಕೊಳೆಯುತ್ತದೆ.
- ಕೊಯ್ಲು: ಮೂರು–ನಾಲ್ಕು ತಿಂಗಳ ನಂತರ, ನೆಲದಿಂದ ನಾಲ್ಕು ಬೆರಳೆತ್ತರ ಬಿಟ್ಟು. ಡಿಸೆಂಬರ್–ಜನವರಿಯಲ್ಲಿ ಪೂರ್ತಿ ಕತ್ತರಿಸಬೇಡಿ. ಬುಡಕ್ಕೆ ಒಣ ತರಗು ಹೊದಿಸಿ.

ಮಕ್ಕಳು ಅಮೆರಿಕದ ಹಿಮ ಬೀಳುವ ಊರುಗಳಲ್ಲಿ ಅಥವಾ ಲಂಡನ್ನಿನಲ್ಲಿ ಇದ್ದರೆ ಅವರಿಗೆ ಹೇಳಿ: ಕುಂಡದಲ್ಲೇ ಬೆಳೆಸಿ, ಹಿಮ ಶುರುವಾಗುವ ಮೊದಲೇ ಒಳಗೆ ತಂದು ಬಿಸಿಲು ಬೀಳುವ ಕಿಟಕಿಯ ಬಳಿ ಇಡಬೇಕು.

ಬಳಸುವುದು ಹೇಗೆ?

ಎರಡು–ಮೂರು ಎಲೆ ತೊಳೆದು, ಗಂಟು ಹಾಕಿ, ಒಂದು ಲೋಟ ನೀರಿನಲ್ಲಿ ಐದು ನಿಮಿಷ ಮುಚ್ಚಿ ಕುದಿಸಿ. ಮುಚ್ಚದಿದ್ದರೆ ಪರಿಮಳ ಹಬೆಯಲ್ಲಿ ಹೋಗಿಬಿಡುತ್ತದೆ. ಸೋಸಿ, ಬೆಲ್ಲ ಹಾಕಿ ಕುಡಿಯಿರಿ. ಮಜ್ಜಿಗೆಗಾದರೆ ಜಜ್ಜಿದ ಎಲೆಯನ್ನು ಸ್ವಲ್ಪ ಹೊತ್ತು ನೆನೆಸಿ ಸೋಸಿದರೆ ಸಾಕು. ಎಲೆಯ ಅಂಚು ಹರಿತ, ಸೋಸುವುದನ್ನು ಮರೆಯಬೇಡಿ. ಗರ್ಭಿಣಿಯರು ದಿನವೂ ಕುಡಿಯುವ ಮುನ್ನ ವೈದ್ಯರನ್ನು ಕೇಳಿ.

ಅಂಗಡಿಯಲ್ಲಿ ಸಿಗುವ ಎಣ್ಣೆಯನ್ನು ಮಾತ್ರ ಕುಡಿಯಬೇಡಿ. 100 ಕೆ.ಜಿ. ಹಸಿ ಹುಲ್ಲು ಭಟ್ಟಿಯಿಳಿಸಿದರೆ ಸಿಗುವುದು ಸುಮಾರು ಅರ್ಧ ಕೆ.ಜಿ. ಎಣ್ಣೆ. ಅಂದರೆ ಒಂದು ಟೀ ಚಮಚ ಎಣ್ಣೆಯಲ್ಲಿ ಹೆಚ್ಚುಕಡಿಮೆ ಒಂದು ಕೆ.ಜಿ. ಹುಲ್ಲಿನ ಸಾರ ಇರುತ್ತದೆ. ನೇರವಾಗಿ ಹಚ್ಚಿದರೆ ಚರ್ಮವೂ ಉರಿಯುತ್ತದೆ.

ಕೊನೆಯದಾಗಿ

ಮಜ್ಜಿಗೆ ಹುಲ್ಲು ಒಳ್ಳೆಯ ಟೀ ಕೊಡುತ್ತದೆ, ಕ್ಯಾನ್ಸರ್ ವಾಸಿ ಮಾಡುವುದಿಲ್ಲ, ನಿಂತಲ್ಲೇ ಸೊಳ್ಳೆ ಓಡಿಸುವುದೂ ಇಲ್ಲ. ಬಾಗೂರಿನ ಓದುಗರಿಗೆ ನಾವು ಹೇಳಿದ್ದೂ ಇಷ್ಟೇ: ಹಿತ್ತಲಲ್ಲಿ ಗಿಡ ನೆಡಿ, ಅಮ್ಮನನ್ನು ಮುಂದಿನ ಕೀಮೋಗೆ ಹೇಳಿದ ದಿನವೇ ಕರೆದುಕೊಂಡು ಹೋಗಿ. ನಿಮ್ಮ ಗ್ರೂಪಿನಲ್ಲಿ ಯಾರ ಮನೆಯಲ್ಲಿ ಕಾಯಿಲೆಯಿದೆಯೋ ನಿಮಗೆ ಗೊತ್ತಿರಲಿಕ್ಕಿಲ್ಲ. ‘ನೋಡಿರಲಿ’ ಎಂದು ನೀವು ಕಳಿಸುವ ಒಂದು ಫಾರ್ವರ್ಡ್ ಅಲ್ಲಿ ಯಾರಿಗೋ ಚಿಕಿತ್ಸೆ ನಿಲ್ಲಿಸಲು ಕಾರಣವಾಗಬಹುದು. ಆ ಸಂದೇಶ ಮತ್ತೆ ಬಂದರೆ ಮುಂದೆ ಕಳಿಸಬೇಡಿ, ಕಳಿಸಿದವರಿಗೆ ಇದನ್ನು ಕಳಿಸಿ.