ಕರಿಬೇವಿಗೆ ಬೇಕಾದುದು ಸೂಟ್‌ಕೇಸ್ ಅಲ್ಲ, ಕಿಟಕಿ

ಕಲಬುರಗಿ ಸೀಮೆಯಿಂದ ಅಮೆರಿಕಕ್ಕೆ ಹೊರಡುವ ತಂದೆ-ತಾಯಂದಿರ ಸೂಟ್‌ಕೇಸಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ತೊಗರಿ ಬೇಳೆ ಇರುವುದು ಸಹಜ. ಅವುಗಳ ನಡುವೆ ಒದ್ದೆ ಬಟ್ಟೆಯಲ್ಲಿ ಸುತ್ತಿ, ಸೀರೆಯ ಮಡಿಕೆಯಲ್ಲಿ ಅಡಗಿಸಿಟ್ಟ ಕರಿಬೇವಿನ ಸಸಿಯೊಂದೂ ಕೆಲವೊಮ್ಮೆ ಇರುತ್ತದೆ. ನಿವೃತ್ತಿಯ ನಂತರ ಕಾಗಿಣಾ ದಂಡೆಯ ದಂಡೋತಿಯಲ್ಲಿ ಒಂದಿಷ್ಟು ಗಿಡಗಳನ್ನು ಬೆಳೆಸಿಕೊಂಡಿರುವ ನನ್ನ ಬಳಿಗೆ ಚಿತ್ತಾಪುರ, ಸೇಡಂಗಳಿಂದ ಪರಿಚಿತರು ಸಸಿ ಕೇಳಿಕೊಂಡು ಬರುವುದುಂಟು. ಹಿತ್ತಲಿಗೆಂದರೆ ಸಂತೋಷದಿಂದ ಕೊಡುತ್ತೇನೆ, ವಿಮಾನಕ್ಕೆಂದರೆ ಕೊಡುವುದಿಲ್ಲ. ಇದನ್ನು ಕೆಲವರು ನಿವೃತ್ತ ಅಧಿಕಾರಿಯ ಕಾಯಿದೆ ಭಕ್ತಿ ಎಂದು ನಗುತ್ತಾರೆ. ಕಾಯಿದೆಯ ಹಿಂದಿರುವ ಕಾರಣ ತಿಳಿದರೆ ನಗುವುದು ಕಷ್ಟ.

ಕರಿಬೇವು, ಕಿತ್ತಳೆ, ನಿಂಬೆ ಇವೆಲ್ಲ ಒಂದೇ ಕುಟುಂಬದ ಸಸ್ಯಗಳು. ಸಿಲ್ಲಿಡ್ ಎಂಬ ಮೂರ್ನಾಲ್ಕು ಮಿಲಿಮೀಟರಿನ ಕೀಟವೊಂದು ಈ ಗಿಡಗಳ ಎಳೆಯ ಚಿಗುರಿನಲ್ಲಿ ಮೊಟ್ಟೆ ಇಡುತ್ತದೆ. ಆ ಮೊಟ್ಟೆಗಳು ಎಷ್ಟು ಸಣ್ಣವೆಂದರೆ, ಕನ್ನಡಕ ಹಾಕಿ ನೋಡಿದರೂ ನಮ್ಮಂತಹವರಿಗೆ ಕಾಣಲಾರವು. ಈ ಕೀಟ ಕಿತ್ತಳೆ ಜಾತಿಯ ಗಿಡಗಳಿಗೆ 'ಗ್ರೀನಿಂಗ್' ಎಂಬ ರೋಗವನ್ನು ಹರಡುತ್ತದೆ. ಹಣ್ಣು ಸೊಟ್ಟಗಾಗುತ್ತದೆ, ಹಸಿರಾಗಿಯೇ ಉಳಿಯುತ್ತದೆ, ಕಹಿಯಾಗುತ್ತದೆ. ಮರ ಕ್ರಮೇಣ ಒಣಗುತ್ತದೆ. ರೋಗ ತಗುಲಿದ ಮರವನ್ನು ಗುಣಪಡಿಸುವ ಔಷಧಿ ಇಂದಿಗೂ ಇಲ್ಲ. ನಮ್ಮ ಕೊಡಗಿನ ಕಿತ್ತಳೆ ತೋಟಗಳು ಕ್ಷೀಣಿಸಲು ಇದೂ ಒಂದು ಕಾರಣ.

ಅಮೆರಿಕದ ಫ್ಲಾರಿಡಾದಲ್ಲಿ ಈ ಕೀಟ 1998ರಲ್ಲಿ, ರೋಗ 2005ರಲ್ಲಿ ಪತ್ತೆಯಾದವು. 2003-04ರಲ್ಲಿ ಆ ರಾಜ್ಯ ಸುಮಾರು 24 ಕೋಟಿ ಪೆಟ್ಟಿಗೆ ಕಿತ್ತಳೆ ಬೆಳೆದಿತ್ತು. 2022-23ರ ವೇಳೆಗೆ ಅದು 2 ಕೋಟಿಗಿಂತಲೂ ಕೆಳಗಿಳಿಯಿತು. ಚಂಡಮಾರುತಗಳ ಪಾಲೂ ಇದರಲ್ಲಿದೆಯಾದರೂ ಮುಖ್ಯ ಶತ್ರು ಈ ರೋಗವೇ. ಆದುದರಿಂದಲೇ ಅಲ್ಲಿನ ಸರ್ಕಾರ ಭಾರತದಿಂದ ಬರುವ ಪ್ರಯಾಣಿಕರು ಹಸಿ ಕರಿಬೇವಿನ ಎಲೆಯನ್ನು ಸಹ ತರಬಾರದೆಂದು ನಿಷೇಧಿಸಿದೆ. ರೋಗವಿರುವ ರಾಜ್ಯಗಳಿಂದ ಸಸಿಗಳನ್ನು ಹೊರಗೆ ಸಾಗಿಸಲು ದೇಶದೊಳಗೂ ನಿರ್ಬಂಧಗಳಿವೆ. ನಮ್ಮ ದೇಶವೂ ಈ ವಿಷಯದಲ್ಲಿ ಸಡಿಲವಾಗಿಲ್ಲ. 2003ರ ಸಸ್ಯ ಕ್ವಾರಂಟೈನ್ ಆದೇಶ ಹೊರಗಿನ ಸಸಿಗಳಿಗೆ ಪರವಾನಗಿ, ಆರೋಗ್ಯ ಪತ್ರಗಳನ್ನು ಕಡ್ಡಾಯಗೊಳಿಸಿದೆ.

ಲಾಭ ಒಬ್ಬನದು, ನಷ್ಟ ಊರಿನದು ಎಂಬ ಸ್ಥಿತಿ ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಹೊಸದಲ್ಲ. ಸಾರಿಗೆ ಒಗ್ಗರಣೆ ಹಾಕುವ ಮನೆಗೆ ಸಿಗುವ ಲಾಭ ನಾಲ್ಕು ಎಸಳು. ಆದರೆ ನಷ್ಟ ಹೊರಬೇಕಾದವರು ಆ ಮನೆಯ ಹೆಸರನ್ನೂ ಕೇಳಿರದ ತೋಟಗಾರರು. ನಮ್ಮ ತೊಗರಿ ಹೊಲಗಳ ಬದುಗಳಲ್ಲಿ ತುಂಬಿರುವ ಕಾಂಗ್ರೆಸ್ ಹುಲ್ಲು ಹೊರದೇಶದಿಂದ ಗೋಧಿಯ ಜೊತೆ ಬಂದಿತೆಂದು ಹೇಳುತ್ತಾರೆ. ಕರೆಯದೆ ಬಂದ ಅತಿಥಿಯನ್ನು ಕಿತ್ತು ಕಿತ್ತು ಸೋತಿರುವ ರೈತರ ನಾಡಿನವರಾದ ನಾವು ಇನ್ನೊಬ್ಬರ ಹೊಲದ ಚಿಂತೆಯನ್ನು ಅರಿಯಬಲ್ಲೆವು.

ಹಾಗೆಂದು ಮಕ್ಕಳು ಕರಿಬೇವನ್ನು ಮರೆಯಬೇಕೆ? ಖಂಡಿತ ಇಲ್ಲ. ಪರವಾನಗಿ ಇರುವ ನರ್ಸರಿಗಳಲ್ಲಿ ಸಸಿ ಅಲ್ಲಿಯೇ ದೊರೆಯುತ್ತದೆ. ಮಿಶಿಗನ್‌ನಲ್ಲಿರುವ ನನ್ನ ಮಗಳ ಮನೆಯ ಕುಂಡದ ಕರಿಬೇವು ಅಂತಹುದೇ. ಅದರೊಂದಿಗೆ ಎರಡು ಚಳಿಗಾಲಗಳನ್ನು ಕಳೆದಿದ್ದೇನೆ. ಸಸಿ ತರುವುದಕ್ಕಿಂತ ಅದನ್ನು ಚಳಿಗಾಲ ದಾಟಿಸುವುದೇ ಅಲ್ಲಿನ ನಿಜವಾದ ವಿದ್ಯೆ.

ಈ ವಿದ್ಯೆಯ ತಿರುಳು ನಮ್ಮವರಿಗೆ ಅಪರಿಚಿತವಲ್ಲ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಬಿಸಿಲಿನಲ್ಲಿ ದಂಡೋತಿಯ ಮನೆಗಳವರು ಮಲ್ಲಿಗೆಯ ಕುಂಡವನ್ನು ಕಾದ ಶಹಾಬಾದ್ ಕಲ್ಲಿನ ಮೇಲಿಂದ ಎತ್ತಿ ನೆರಳಿಗಿಡುತ್ತಾರೆ; ಎಳೆಯ ಸಸಿಗೆ ತೊಗರಿ ಕಟ್ಟಿಗೆಯ ಮರೆ ಕಟ್ಟುತ್ತಾರೆ. ಆ ಎರಡು ತಿಂಗಳು ಗಿಡ ಬೆಳೆಯಲಿ ಎಂದು ಯಾರೂ ಬಯಸುವುದಿಲ್ಲ, ಬದುಕಿದರೆ ಸಾಕು. ಇಲ್ಲಿ ಬಿಸಿಲು ಮಾಡುವ ಕೆಲಸವನ್ನು ಅಲ್ಲಿ ಹಿಮ ಮಾಡುತ್ತದೆ.

ರಾತ್ರಿಯ ಉಷ್ಣಾಂಶ 10 ಡಿಗ್ರಿಯತ್ತ ಇಳಿಯುವ ಮೊದಲೇ ಕುಂಡ ಒಳಗೆ ಬರಬೇಕು. ತರುವ ಮುನ್ನ ಎಲೆಗಳ ಅಡಿಭಾಗವನ್ನು ತೊಳೆದು ನುಸಿ, ಶಲ್ಕ ಕೀಟಗಳಿವೆಯೇ ಎಂದು ನೋಡಬೇಕು. ದಕ್ಷಿಣಕ್ಕೆ ಮುಖ ಮಾಡಿದ ಕಿಟಕಿ ಶ್ರೇಷ್ಠ. ಹೀಟರಿನ ಬಿಸಿಗಾಳಿ ತಾಗಬಾರದು. ಡಿಸೆಂಬರಿನಲ್ಲಿ ನಮ್ಮಲ್ಲಿ ಹಗಲು ಸುಮಾರು ಹನ್ನೊಂದು ತಾಸು ಇದ್ದರೆ, ಅಲ್ಲಿ ಒಂಬತ್ತೇ ತಾಸು. ಬೆಳಕು ಕಡಿಮೆಯಾದಾಗ ಗಿಡದ ಹಸಿವೂ ಬಾಯಾರಿಕೆಯೂ ಕಡಿಮೆ. ಮೇಲಿನ ಎರಡು ಅಂಗುಲ ಮಣ್ಣು ಒಣಗಿದ ಮೇಲಷ್ಟೇ ನೀರು. ಗೊಬ್ಬರ ಬೇಡವೇ ಬೇಡ. ಊರಿನಲ್ಲಿ ಕರಿಬೇವಿಗೆ ಹುಳಿ ಮಜ್ಜಿಗೆ ಹಾಕಿ ರೂಢಿಯಾದ ಹಿರಿಯರು ಅಲ್ಲಿ ಕೈ ಬಿಗಿ ಹಿಡಿಯಬೇಕು. ಚಳಿಯಲ್ಲಿ ಬೇರು ಕೊಳೆಯುವುದು ಬಹುಪಾಲು ಪ್ರೀತಿ ಹೆಚ್ಚಾಗಿ.

ಜನವರಿಯಲ್ಲಿ ಎಲೆಗಳೆಲ್ಲ ಉದುರಿದರೂ ಗಾಬರಿ ಬೇಡ. ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಗಿಡ ಜೀವಂತ. ಹಿಮ ಬೀಳುವ ಭಯ ಕಳೆದ ಮೇಲೆ ಮೊದಲು ನೆರಳಿಗಿಟ್ಟು, ಹತ್ತು ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಬಿಸಿಲಿಗೆ ಒಗ್ಗಿಸಬೇಕು. ಹೊಸ ಚಿಗುರು ತಾನೇ ಬರುತ್ತದೆ.

ವಿದೇಶಗಳಲ್ಲಿ ಯುಗಾದಿ, ರಾಜ್ಯೋತ್ಸವಗಳನ್ನು ಶ್ರದ್ಧೆಯಿಂದ ಆಚರಿಸುವ ಕನ್ನಡ ಕೂಟಗಳು ಈ ತಿಳಿವಳಿಕೆಯನ್ನು ಹಂಚಬಹುದು; ಆಯಾ ರಾಜ್ಯದ ನಿಯಮಗಳಿಗೆ ಒಳಪಟ್ಟು ಸದಸ್ಯರ ನಡುವೆ ಸಸಿಗಳನ್ನೂ ಹಂಚಬಹುದು. ಇಲ್ಲಿ ಪ್ರವಾಸದ ಏಜೆಂಟರು ಟಿಕೆಟ್ಟಿನೊಂದಿಗೆ ನಿಷೇಧದ ವಿವರವನ್ನು ಕನ್ನಡದಲ್ಲಿ ಮುದ್ರಿಸಿ ಕೊಟ್ಟರೆ ಎಷ್ಟೋ ಹಿರಿಯರು ವಿಮಾನ ನಿಲ್ದಾಣದಲ್ಲಿ ದಂಡ ಕಟ್ಟಿ ತಲೆತಗ್ಗಿಸುವುದು ತಪ್ಪುತ್ತದೆ. ಮಕ್ಕಳಿಗೆ ಸಸಿ ಒಯ್ಯಲಾಗದಿದ್ದರೂ ಪ್ರತಿಕೂಲ ಋತುವಿನಲ್ಲಿ ಗಿಡವನ್ನು ಉಳಿಸಿಕೊಳ್ಳುವ ತಾಳ್ಮೆಯನ್ನು ಒಯ್ಯಬಹುದು. ಅದಕ್ಕೆ ಯಾವ ದೇಶದಲ್ಲಿಯೂ ತಪಾಸಣೆ ಇಲ್ಲ.