ಅಂಗೈಯಗಲದ ಕೂಸನ್ನು ಕೈಬಿಡಬೇಡಿ

‘ಏಳು ತಿಂಗಳಿಗೆ ಹುಟ್ಟಿದ ಮಗು ಉಳಿಯುತ್ತದೆ, ಎಂಟಕ್ಕೆ ಹುಟ್ಟಿದ್ದು ಉಳಿಯುವುದಿಲ್ಲ’ ಎಂಬ ಮಾತನ್ನು ನಮ್ಮ ಮನೆಗಳಲ್ಲಿ ಈಗಲೂ ಕೇಳುತ್ತೇವೆ. ಇದು ನಿನ್ನೆ ಮೊನ್ನೆಯ ನಂಬಿಕೆಯಲ್ಲ. ಯುನಾನಿ ವೈದ್ಯದ ಮೂಲಪುರುಷ ಬುಕ್ರಾತ್‌ನ ಹೆಸರಿನಲ್ಲಿ ಉಳಿದು ಬಂದಿರುವ ಗ್ರಂಥಗಳಲ್ಲಿ ಎಂಟನೇ ತಿಂಗಳ ಶಿಶುವಿನ ಬಗ್ಗೆಯೇ ಒಂದು ಗ್ರಂಥವಿದೆ. ಯುನಾನಿ ಓದಿದ ನಾವೇ ಇದನ್ನು ಸ್ಪಷ್ಟವಾಗಿ ಹೇಳಬೇಕು: ಆ ಮಾತು ತಪ್ಪು. ಗರ್ಭದಲ್ಲಿ ಕಳೆದ ಒಂದೊಂದು ವಾರವೂ ಮಗುವಿಗೆ ಬಲ ಕೊಡುತ್ತದೆ. ಎಂಟರ ಮಗು ಏಳರ ಮಗುವಿಗಿಂತ ಗಟ್ಟಿ. ಅಷ್ಟೇ ಅಲ್ಲ, ಒಂದು ಕಿಲೋ ಕೂಡ ತೂಗದ ಕೂಸನ್ನೂ ಇಂದು ಎಷ್ಟೋ ಸಲ ಉಳಿಸಿಕೊಳ್ಳಬಹುದು.

ಪವಿತ್ರ ಕುರ್‌ಆನ್ ಒಂದೆಡೆ ಗರ್ಭ ಮತ್ತು ಮೊಲೆ ಬಿಡಿಸುವ ಅವಧಿಯನ್ನು ಒಟ್ಟು 30 ತಿಂಗಳೆಂದೂ ಇನ್ನೊಂದೆಡೆ ಹಾಲುಣಿಸುವ ಅವಧಿಯನ್ನು ಎರಡು ವರ್ಷವೆಂದೂ ತಿಳಿಸುತ್ತದೆ. ಉಳಿಯುವುದು ಆರು ತಿಂಗಳು. ಗರ್ಭದ ಕನಿಷ್ಠ ಅವಧಿ ಆರು ತಿಂಗಳೆಂದು ಫಿಕ್‌ಹ್ ವಿದ್ವಾಂಸರು ತೀರ್ಮಾನಿಸಿದ್ದು ಹೀಗೆ. ಆರು ತಿಂಗಳಿಗೆ ಹುಟ್ಟಿದ ಮಗುವೂ ಬದುಕಬಹುದೆಂಬ ತಿಳಿವಳಿಕೆ ನಮಗೆ ಹೊಸದಲ್ಲ.

ಎಷ್ಟು ಸಣ್ಣದು?

37 ವಾರ ತುಂಬುವ ಮೊದಲು ಹುಟ್ಟಿದ್ದು ಅವಧಿಪೂರ್ವ ಶಿಶು. 28 ವಾರಕ್ಕೂ ಮೊದಲೇ ಬಂದದ್ದು ಅತ್ಯಂತ ಅವಧಿಪೂರ್ವ. ಇಂಥ ಕೂಸುಗಳ ತೂಕ ಸಾಮಾನ್ಯವಾಗಿ ಒಂದು ಕಿಲೋದ ಆಸುಪಾಸು ಅಥವಾ ಅದಕ್ಕೂ ಕಡಿಮೆ. 2020ರಲ್ಲಿ ಸಿಂಗಾಪುರದಲ್ಲಿ ಕೇವಲ 212 ಗ್ರಾಂ ತೂಕದ ಹೆಣ್ಣು ಮಗು ಹುಟ್ಟಿ, 13 ತಿಂಗಳು ಆಸ್ಪತ್ರೆಯಲ್ಲಿದ್ದು ಮನೆಗೆ ಹೋಯಿತು. ಇದು ಅಪರೂಪದ ಪ್ರಕರಣ. 22–23 ವಾರದ ಕೂಸುಗಳಲ್ಲಿ ಹೆಚ್ಚಿನವು ನಮ್ಮಲ್ಲಿ ಉಳಿಯುವುದಿಲ್ಲ. 28 ವಾರದ ಹೊತ್ತಿಗೆ, ಒಳ್ಳೆಯ ಆರೈಕೆ ಸಿಕ್ಕರೆ, ಉಳಿಯುವ ಮಕ್ಕಳೇ ಹೆಚ್ಚು.

ಉಸಿರಿನ ಕಥೆ

1963ರ ಆಗಸ್ಟ್‌ನಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರಿಗೆ ಐದೂವರೆ ವಾರ ಮೊದಲೇ ಗಂಡು ಮಗು ಹುಟ್ಟಿತು. ತೂಕ ಎರಡು ಕಿಲೋ ದಾಟಿತ್ತು. ಆದರೂ ಉಸಿರಾಟದ ತೊಂದರೆಯಿಂದ 39 ಗಂಟೆಗಳಲ್ಲಿ ತೀರಿಕೊಂಡಿತು. ಅಂಥ ಮಗು ಇಂದು ನಮ್ಮ ಜಿಲ್ಲಾಸ್ಪತ್ರೆಯ ನವಜಾತ ಶಿಶು ಘಟಕದಲ್ಲೂ ಸಾಮಾನ್ಯವಾಗಿ ಬದುಕುತ್ತದೆ.

ಕಾರಣವಿಷ್ಟೇ. ಶ್ವಾಸಕೋಶದ ಸಣ್ಣ ಗುಳ್ಳೆಗಳು ಅಂಟಿಕೊಳ್ಳದಂತೆ ಒಳಗೆ ಸರ್ಫ್ಯಾಕ್ಟೆಂಟ್ ಎಂಬ ಜಿಡ್ಡಿನ ಲೇಪವಿರುತ್ತದೆ. ಬೇಗ ಹುಟ್ಟಿದ ಮಗುವಿನಲ್ಲಿ ಅದು ಸಾಲದು ಎಂಬುದನ್ನು 1959ರಲ್ಲಿ ಮೇರಿ ಎಲೆನ್ ಎವರಿ ತೋರಿಸಿಕೊಟ್ಟರು. 1980ರಲ್ಲಿ ಜಪಾನಿನ ಫುಜಿವಾರಾ ಅದನ್ನು ಔಷಧಿಯಾಗಿ ಕೊಟ್ಟು ಗೆದ್ದರು. ಈ ಔಷಧಿ ಕೆಲವು ಬ್ರಾಂಡುಗಳಲ್ಲಿ ದನದ, ಕೆಲವುಗಳಲ್ಲಿ ಹಂದಿಯ ಶ್ವಾಸಕೋಶದಿಂದ ತಯಾರಾಗುತ್ತದೆ. ದನದ್ದು ಇದೆಯೇ ಎಂದು ಕೇಳಿ, ತಪ್ಪಿಲ್ಲ. ಇಲ್ಲದಿದ್ದರೆ ಅದಕ್ಕಾಗಿ ಹೊತ್ತು ಕಳೆಯಬೇಡಿ. ಜೀವ ಉಳಿಸುವ ಅನಿವಾರ್ಯತೆಯಲ್ಲಿ ನಿಷಿದ್ಧಕ್ಕೂ ಶರೀಅತ್ ವಿನಾಯಿತಿ ಕೊಟ್ಟಿದೆ.

ಕೆಲಸ ಹೆರಿಗೆಗೆ ಮೊದಲೇ ಶುರು

ದಿನ ತುಂಬುವ ಮೊದಲೇ ನೀರು ಹೋಗುವುದು, ರಕ್ತ ಕಾಣಿಸುವುದು, ಹೊಟ್ಟೆ ಬಿಟ್ಟು ಬಿಟ್ಟು ಬಿಗಿಯುವುದು, ಇವುಗಳಲ್ಲಿ ಯಾವುದೇ ಆದರೂ ‘ಬೆಳಗಾಗಲಿ, ನೋಡೋಣ’ ಎನ್ನಬೇಡಿ. 108ಕ್ಕೆ ಕರೆ ಮಾಡಿ, ನವಜಾತ ಶಿಶು ಘಟಕವಿರುವ ಆಸ್ಪತ್ರೆಗೇ ಹೋಗಿ. ಹುಟ್ಟಿದ ಮೇಲೆ ಕೂಸನ್ನು ಸಾಗಿಸುವುದಕ್ಕಿಂತ ಗರ್ಭದಲ್ಲಿರುವಾಗಲೇ ತಾಯಿಯನ್ನು ಸಾಗಿಸುವುದು ಎಷ್ಟೋ ಸುರಕ್ಷಿತ. ಹೆರಿಗೆಗೆ ಮೊದಲು ತಾಯಿಗೆ ಕೊಡುವ ಸ್ಟೀರಾಯ್ಡ್ ಚುಚ್ಚುಮದ್ದು ಮಗುವಿನ ಶ್ವಾಸಕೋಶವನ್ನು ಮಾಗಿಸುತ್ತದೆ. ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ 1972ರಲ್ಲೇ ಇದನ್ನು ತೋರಿಸಿದ್ದಾರೆ. ಅದು ಪೂರ್ತಿ ಕೆಲಸ ಮಾಡಲು ಸುಮಾರು ಒಂದು ದಿನ ಬೇಕು. ಬೇಗ ತಲುಪಿದಷ್ಟೂ ಲಾಭ. ಖರ್ಚಿಗೆ ಹೆದರುವವರು ನೆನಪಿಡಿ: ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆಯೂ, ಒಂದು ವರ್ಷದವರೆಗೆ ಕಾಯಿಲೆಯ ಶಿಶುವಿನ ಚಿಕಿತ್ಸೆಯೂ ಉಚಿತ.

ತಾಯಿಯ ಎದೆಯ ಬಿಸಿ

ಈ ಕೂಸಿಗೆ ಕೊಬ್ಬಿನ ಹೊದಿಕೆಯಿಲ್ಲ, ಬಹಳ ಬೇಗ ತಣ್ಣಗಾಗುತ್ತದೆ. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ ಬಂದಾಗ ವೈದ್ಯರು ಮಗುವನ್ನು ತಾಯಿಯ ಎದೆಗೇ ಕಟ್ಟಿದರು. ಅದೇ ಕಾಂಗರೂ ಆರೈಕೆ. ಭಾರತ ಮತ್ತು ಆಫ್ರಿಕದ ನಾಲ್ಕು ದೇಶಗಳಲ್ಲಿ ನಡೆದ, 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 1ರಿಂದ 1.8 ಕಿಲೋ ತೂಕದ ಮಕ್ಕಳಿಗೆ ಹುಟ್ಟಿದ ಕೂಡಲೇ ಇದನ್ನು ಆರಂಭಿಸಿದಾಗ ಸಾವು ಕಾಲು ಭಾಗದಷ್ಟು ತಗ್ಗಿತು. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಇದನ್ನು ರೂಢಿಗೆ ತರುವ ಕೆಲಸ ನಡೆದಿದೆ.

ಮಗುವಿಗೆ ಟೋಪಿ, ಕಾಲುಚೀಲ, ಲಂಗೋಟಿ ಮಾತ್ರ ಹಾಕಿ, ಎದೆಯ ನಡುವೆ ನೆಟ್ಟಗೆ ಮಲಗಿಸಿ ಬಟ್ಟೆಯಿಂದ ಕಟ್ಟಬೇಕು. ದಿನಕ್ಕೆ ಕನಿಷ್ಠ ಎಂಟು ಗಂಟೆ, ಹೆಚ್ಚಾದಷ್ಟೂ ಒಳ್ಳೆಯದು. ಪರ್ದಾದ ಸಂಕೋಚ ಬೇಡ. ಮೇಲೆ ಶಾಲು ಹೊದ್ದುಕೊಳ್ಳಬಹುದು, ಪರದೆ ಹಾಕಿಕೊಡಿ ಎಂದು ನರ್ಸ್‌ಗೆ ಹೇಳಬಹುದು. ತಾಯಿ ದಣಿದಾಗ ತಂದೆ ಅಥವಾ ಅಜ್ಜಿಯೂ ಕಟ್ಟಿಕೊಳ್ಳಬಹುದು.

ಹಾಲೇ ಔಷಧಿ

34 ವಾರಕ್ಕಿಂತ ಮೊದಲು ಹುಟ್ಟಿದ ಹೆಚ್ಚಿನ ಕೂಸುಗಳಿಗೆ ಚೀಪುವುದು, ನುಂಗುವುದು, ಉಸಿರಾಡುವುದು ಮೂರೂ ಒಟ್ಟಿಗೆ ಬರುವುದಿಲ್ಲ. ಹಾಗಾಗಿ ನಳಿಕೆಯಲ್ಲಿ ಹಾಲು ಕೊಡುತ್ತಾರೆ. ಹೆರಿಗೆಯಾದ ಕೆಲವೇ ಗಂಟೆಗಳಲ್ಲಿ ತಾಯಿ ಹಾಲು ಹಿಂಡಲು ತೊಡಗಬೇಕು. ಮೂರು ಗಂಟೆಗೊಮ್ಮೆ, ರಾತ್ರಿಯೂ. ಮೊದಲು ಬರುವುದು ನಾಲ್ಕು ಹನಿಯಾದರೂ ಚೆಲ್ಲಬೇಡಿ.

ತಾಯಿಗೆ ಹಾಲು ಸಾಲದಿದ್ದರೆ ವೈದ್ಯರು ಹಾಲಿನ ಬ್ಯಾಂಕಿನ ಮಾತೆತ್ತಬಹುದು. ಹಾಲಿನ ಸಂಬಂಧದ ಕಾರಣದಿಂದ ಜಿದ್ದಾದ ಫಿಕ್‌ಹ್ ಅಕಾಡೆಮಿ 1985ರಲ್ಲಿ ಇದನ್ನು ಒಪ್ಪಲಿಲ್ಲ; ಯೂಸುಫುಲ್ ಕರ್ಝಾವಿಯವರಂಥ ವಿದ್ವಾಂಸರು ಅನುಮತಿಸಿದ್ದಾರೆ. ನಿಮಗೆ ವಿಶ್ವಾಸವಿರುವ ಆಲಿಮರನ್ನು ಬೇಗ ಕೇಳಿ, ವೈದ್ಯರಿಗೆ ನಿರ್ಧಾರ ತಿಳಿಸಿ.

ಕಾಯಬಹುದಾದ ಆಚರಣೆಗಳು

ಯುನಾನಿ ವೈದ್ಯನಾಗಿಯೇ ಹೇಳುತ್ತೇನೆ: ಈ ಕೂಸಿಗೆ ಘುಟ್ಟಿ, ಜೇನು, ಸಕ್ಕರೆ ನೀರು, ಹಸುವಿನ ಹಾಲು ಯಾವುದೂ ಬೇಡ. ಎಳೆಯ ಕರುಳು ಅದನ್ನು ತಾಳದು. ತಹ್ನೀಕ್‌ಗೂ ವೈದ್ಯರ ಒಪ್ಪಿಗೆ ಸಿಗುವವರೆಗೆ ಕಾಯಿರಿ. ಏಳನೇ ದಿನವೇ ತಲೆ ಬೋಳಿಸಿದರೆ ಮೈಯ ಬಿಸಿ ಸೋರಿಹೋಗುತ್ತದೆ. ಅಕೀಕಾವನ್ನು ನಂತರ ಮಾಡಲು ವಿದ್ವಾಂಸರು ಅವಕಾಶ ಕೊಟ್ಟಿದ್ದಾರೆ. ಕೈ ತೊಳೆದುಕೊಂಡು ಮೆಲುದನಿಯಲ್ಲಿ ಅಝಾನ್ ಹೇಳಲು, ಹೆಸರಿಡಲು, ದುಆ ಮಾಡಲು ಯಾವ ಅಡ್ಡಿಯೂ ಇಲ್ಲ.

ಕಣ್ಣು ಮರೆಯಬೇಡಿ

ಎರಡು ಕಿಲೋಗಿಂತ ಕಡಿಮೆ ತೂಕದ ಅಥವಾ 34 ವಾರಕ್ಕೆ ಮೊದಲು ಹುಟ್ಟಿದ ಮಗುವಿನ ಅಕ್ಷಿಪಟಲವನ್ನು 30 ದಿನದೊಳಗೆ, ತೀರಾ ಸಣ್ಣ ಕೂಸಾದರೆ ಇನ್ನೂ ಮೊದಲೇ, ಪರೀಕ್ಷಿಸಬೇಕು. ತಡವಾದರೆ ಉಳಿದ ಮಗು ಕುರುಡಾಗಬಹುದು. ಬೆಂಗಳೂರಿನ ನಾರಾಯಣ ನೇತ್ರಾಲಯದ ಕಿಡ್‌ರಾಪ್ ತಂಡ 2008ರಿಂದ ಜಿಲ್ಲೆಗಳಿಗೇ ಹೋಗಿ ಈ ಪರೀಕ್ಷೆ ಮಾಡುತ್ತಿದೆ.

ಎಲ್ಲ ಮಾಡಿಯೂ ಕೆಲವು ಕೂಸುಗಳು ಉಳಿಯುವುದಿಲ್ಲ. ಆಗ ತಾಯಿಯ ನಡಿಗೆಯನ್ನೋ ಊಟವನ್ನೋ ದೂರಬೇಡಿ, ಅವಳ ಜೊತೆಗಿರಿ. ಉಸಿರಾಡಿ ತೀರಿಕೊಂಡ ಮಗುವಿಗೆ ಹೆಸರಿದೆ, ಗುಸ್ಲ್ ಇದೆ, ಜನಾಝಾ ನಮಾಝ್ ಇದೆ. ಆದರೆ ‘ಇಷ್ಟು ಸಣ್ಣದು ಹೇಗೂ ಬದುಕದು’ ಎಂದು ಬದುಕಿರುವ ಕೂಸನ್ನು ಅರ್ಧದಲ್ಲೇ ಮನೆಗೆ ಒಯ್ಯಬೇಡಿ. ಆಯುಸ್ಸು ಅಲ್ಲಾಹನ ಕೈಯಲ್ಲಿದೆ; ಆಸ್ಪತ್ರೆ, ಹಾಲು ಮತ್ತು ಎದೆಯ ಬಿಸಿ ನಮ್ಮ ಕೈಯಲ್ಲಿವೆ.